ಮಿಲ್ಲಿನ ಪ್ಯಾಕಿಂಗ್

ಯೂಸುಫನ ಕಿವಿ ಹೋಗಿ ಎರಡು ವರ್ಷವಾಗಿತ್ತು. ಇಡೀ ದಾಂಡೇಲಿಯಲ್ಲಿ ಈ ಸಂಗತಿ ತನ್ನೊಬ್ಬನಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ ಎಂದು ಅವನು ತಿಳಿದಿದ್ದ.

ಹೋಗಿತ್ತು ಎಂದರೆ ಪೂರ್ತಿ ಕಲ್ಲಾಗಿತ್ತೆಂದಲ್ಲ. ಲಾರಿ ಪಕ್ಕಕ್ಕೇ ಬಂದು ಹಾರ್ನ್ ಹೊಡೆದರೆ ಎದೆಗೂಡಿನಲ್ಲಿ ಒಂದು ಗುದ್ದು ಬೀಳುತ್ತಿತ್ತು. ಆದರೆ ಮಸೀದಿಯ ಆಜಾನ್, ನಲ್ಲಿಯ ನೀರು, ಫೋನು, ಬೆನ್ನ ಹಿಂದಿನಿಂದ ಕರೆದ ಹೆಸರು, ಇವೆಲ್ಲ ಹೇಳದೆ ಕೇಳದೆ ಒಂದೊಂದಾಗಿ ಎದ್ದು ನಡೆದಿದ್ದವು. ಮೂವತ್ತೊಂದು ವರ್ಷ ಅವನು ಕಾಗದದ ಮಿಲ್ಲಿನಲ್ಲಿ ಉಗಿ ಪೈಪುಗಳ ಫಿಟ್ಟರ್ ಆಗಿದ್ದ. ಕಿವಿಗೆ ಇಟ್ಟುಕೊಳ್ಳಲು ಬಿರಡೆ ಕೊಟ್ಟಿದ್ದರು, ಕೊಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಟ್ಟುಕೊಂಡವನನ್ನು ಉಳಿದವರು ಬಿಡಬೇಕಲ್ಲ! "ಏನವಾ ಮದುಮಗಳ, ಜುಮಕಿ ಚಲೋ ಒಪ್ಪೇತಿ" ಎಂದು ಶಿಫ್ಟು ಮುಗಿಯುವತನಕ ಕಾಡುತ್ತಿದ್ದರು. ಹಾಗೆ ಕಾಡುವವರಲ್ಲಿ ಯೂಸುಫನೇ ಮುಂದಾಳು. ಈಗ ಸಿಟ್ಟು ಮಾಡಬೇಕೆಂದರೂ ಯಾರ ಮೇಲೆ ಮಾಡಬೇಕು?

ನಿವೃತ್ತನಾದ ಮೇಲೆ ಅಂಬೇವಾಡಿಯಲ್ಲಿ ಒಂದು ಶೆಡ್ಡು ಹಾಕಿಕೊಂಡು ಗಾಡಿಗಳ ಸೈಲೆನ್ಸರ್ ಕೆಲಸ ಶುರುಮಾಡಿದ. ಪೈಪು ಬೆಸೆಯುವುದು, ಸೋರಿಕೆ ಹಿಡಿಯುವುದು, ಇದರಲ್ಲಿ ಅವನ ಕೈಗೆ ಸಾಟಿ ಇರಲಿಲ್ಲ. ಆದರೆ ನೀವೇ ಹೇಳಿ, ಸೈಲೆನ್ಸರ್ ರಿಪೇರಿ ಮಾಡುವವನಿಗೇ ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಾದರೆ ಯಾರು ಗಾಡಿ ತರುತ್ತಾರೆ? ಅದರ ಮೇಲೆ ಹಳಿಯಾಳದಲ್ಲಿ ಟೈರಿನ ಅಂಗಡಿ ಇಟ್ಟಿರುವ ಮಗ ಅಫ್ತಾಬ ಬೇರೆ. "ಸಾಕು ಅಬ್ಬಾ, ಶಟರ್ ಎಳೀರಿ, ಮನ್ಯಾಗ ಆರಾಮ ಕುಂದರ್ರಿ" ಎನ್ನಲು ಅವನಿಗೆ ಒಂದು ನೆಪ ಸಿಕ್ಕರೆ ಸಾಕಾಗಿತ್ತು. ಮನೆಯಲ್ಲಿ ಆರಾಮ ಕೂಡುವುದೆಂದರೆ ಯೂಸುಫನಿಗೆ ಆಗದ ಮಾತು.

ಅದಕ್ಕೇ ಉಪಾಯಗಳನ್ನು ಮಾಡಿಕೊಂಡಿದ್ದ. ಹಳೆ ಲಾರಿಯ ಕನ್ನಡಿಯೊಂದನ್ನು ಕೆಲಸದ ಮೇಜಿನ ಮೇಲೆ ತೂಗುಹಾಕಿದ್ದ. ಬೆನ್ನ ಹಿಂದೆ ಯಾರು ಬಂದರೂ ಅದರಲ್ಲಿ ಕಾಣುತ್ತಿದ್ದರು. ಫೋನು ಎದೆಯ ಜೇಬಿನಲ್ಲಿ ನಡುಗಿದರೆ "ಈಗ ಕೈ ಎಣ್ಣಿ ಆಗೇತಿ, ಇಲ್ಲೇ ಬರ್ರಿ" ಎಂದು ಹೇಳಿ ಇಟ್ಟುಬಿಡುತ್ತಿದ್ದ. ತುಟಿ ನೋಡಿ ಮಾತು ತಿಳಿಯುವುದಂತೂ ಮಿಲ್ಲಿನವರಿಗೆ ಹೊಸದಲ್ಲ. ಮಷಿನ್‌ಹೌಸಿನ ಗದ್ದಲದಲ್ಲಿ ಬಾಯಿಮಾತು ನಡೆಯುತ್ತಿರಲಿಲ್ಲ, ಎಲ್ಲ ತುಟಿ ಮತ್ತು ಕೈಸನ್ನೆ. ಎಂಜಿನ್ನಿನ ಒಳಗುಟ್ಟು ತಿಳಿಯಬೇಕಾದರೆ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ದವಡೆಯ ಎಲುಬಿಗೆ. ಪೈಪಿನ ಸೋರಿಕೆಗೆ ಒದ್ದೆ ಅಂಗೈ.

ಮನೆಯಲ್ಲಂತೂ ತೊಂದರೆಯೇ ಇರಲಿಲ್ಲ. ಹೆಂಡತಿ ಖೈರುನ್ನಿಸಾ ಮೊದಲು ಅಡಿಗೆಮನೆಯಿಂದಲೇ ಇಡೀ ಓಣಿಯ ಸುದ್ದಿ ಒದರುತ್ತಿದ್ದವಳು, ಈಗೀಗ ಮಾತು ಕಡಿಮೆ ಮಾಡಿದ್ದಳು. ಮಗಳು ಮೆಹರೀನಳನ್ನು ಮುಂಡಗೋಡಕ್ಕೆ ಕೊಡುವಾಗ ಗಂಡಹೆಂಡಿರಲ್ಲಿ ಒಮ್ಮೆ ಜೋರು ಜಗಳವಾಗಿತ್ತು, ನಿಜ. ಮದುವೆ ಚೆನ್ನಾಗಿ ಆಯಿತು, ಮಗಳು ಸುಖವಾಗಿದ್ದಾಳೆ, ಯೂಸುಫ ಆ ಜಗಳವನ್ನು ಎಂದೋ ಮರೆತಿದ್ದ. ವಯಸ್ಸಾದಂತೆ ಇವಳು ಶಾಂತವಾದಳು ಎಂದುಕೊಂಡು ದೇವರಿಗೆ ಶುಕ್ರ್ ಹೇಳಿ ಉಂಡು ಏಳುತ್ತಿದ್ದ.

ಹೀಗಿರುವಾಗ ಒಂದು ಗುರುವಾರ ಬೆಳಿಗ್ಗೆ ಸ್ಟೆಲ್ಲಾ ಬಂದಳು.

ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಗಳು, ಮೂವತ್ತರ ಆಚೀಚೆ. ಗಣೇಶಗುಡಿಯ ಒಂದು ಹೋಂಸ್ಟೇಗೆ ಬರುವವರನ್ನು ತನ್ನ ಸ್ವಂತ ಏಳು ಸೀಟಿನ ಗಾಡಿಯಲ್ಲಿ ಹಕ್ಕಿ ತೋರಿಸಲು ಕರೆದೊಯ್ಯುತ್ತಿದ್ದಳು. ಟರ್ಬೊ ಇರುವ ಡೀಸೆಲ್ ಗಾಡಿ, ಘಟ್ಟ ಹತ್ತುವುದರಲ್ಲಿ ಗಟ್ಟಿ. ಅವಳು ಗಾಡಿ ನಿಲ್ಲಿಸಿ ಇಳಿದವಳು ಕರೆಯಲಿಲ್ಲ. ನೇರ ಯೂಸುಫನ ಮುಂದೆ ಬಂದು ನಿಂತಳು, ಅವನು ತಲೆ ಎತ್ತುವತನಕ ಕಾದಳು, ಆಮೇಲೆ ಬಾಯಿ ತೆರೆದಳು. ಸಂಸ್ಕಾರವಂತ ಹುಡುಗಿ ಎಂದು ಯೂಸುಫನಿಗೆ ಮೆಚ್ಚಿಗೆಯಾಯಿತು.

"ಚಾಚಾ, ಡೌನ್‌ಪೈಪು ಸೀಳೇತಿ," ಎಂದಳು. ಟರ್ಬೊದಿಂದ ಕೆಳಗಿಳಿದು ಸೈಲೆನ್ಸರಿಗೆ ಕೂಡುವ ಪೈಪು ಅದು. "ಕಂಪನಿದು ಬರಾಕ ಆರು ವಾರ ಅಂತಾರ. ಕೊಲ್ಲಾಪುರದಿಂದ ಹೊರಗಿಂದು ಒಂದು ತರಿಸೇನಿ. ಸ್ಟೀಲಿಂದು, ಹೊಗಿ ಶುದ್ಧ ಮಾಡೂ ಡಬ್ಬಿನೂ ಅದರಾಗ ಐತಿ. ಹಾಕಿ ಕೊಡ್ರಿ."

"ಹಾಕೂಣು. ಇಂಥಾ ಪೈಪು ಹುಡುಗೂರು ಆವಾಜ್ ಬರಲಿ ಅಂತ ಹಾಕಸ್ತಾರ, ನಿನಗೂ ಆವಾಜ್ ಬೇಕೇನು?"

ಸ್ಟೆಲ್ಲಾ ನಗಲಿಲ್ಲ. "ಒಟ್ಟ ಆವಾಜ್ ಬರಬಾರದು ಚಾಚಾ. ಈ ಐತವಾರ ಬೆಳಿಗ್ಗೆ ನಿರ್ಮಲಾಬಾಯಿ ಗಾಡಿ ನೋಡ್ತಾರ." ನಿರ್ಮಲಾಬಾಯಿ ಆ ಹೋಂಸ್ಟೇಯ ಒಡತಿ. "ಮಂಗಟ್ಟಿ ಹಕ್ಕಿ ನೋಡಾಕ ಜನಾ ಎಲ್ಲೆಲ್ಲಿಂದನೋ ಬರ್ತಾರ. ಗಾಡಿ ಸಪ್ಪಳಾ ಮಾಡಿದ್ರ ಹಕ್ಕಿ ಹಾರತಾವ. ಯಾರ ಗಾಡಿ ಸುಮ್ಮನ ಇರ್ತೈತಿ, ಈ ಸೀಜನ್ ಅವರಿಗೆ. ನಂದು ತಪ್ಪಿದ್ರ ಏಪ್ರಿಲ್‌ತನಾ ಗಾಡಿ ಮನಿ ಮುಂದ ನಿಂದರತೈತಿ."

ಯೂಸುಫ ಇಕ್ಕಟ್ಟಿಗೆ ಸಿಕ್ಕ. ಜೋರು ಸದ್ದು ಬೇಕೆಂದಿದ್ದರೆ ಕೈಯಲ್ಲೇ ನಡುಕ ನೋಡಿ ಹೇಳಬಹುದಿತ್ತು. ಸದ್ದಿಲ್ಲ ಎಂಬುದನ್ನು ಕಿವಿಯಿಲ್ಲದವನು ಹೇಗೆ ಹೇಳಬೇಕು? ಅವನ ಪಾಲಿಗೆ ಅಂಬೇವಾಡಿಯ ಎಲ್ಲ ಗಾಡಿಗಳೂ ಸದ್ದಿಲ್ಲದವೇ. ಒಲ್ಲೆ ಎಂದುಬಿಡಬೇಕಿತ್ತು. ಆದರೆ ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾಳೆ.

"ನನ್ನ ಜವಾಬ್ದಾರಿ. ಸಂಜಿಕಿ ಬಾ," ಎಂದ.

"ನಾ ಇಲ್ಲೇ ಕುಂದರ್ತೇನಿ," ಎಂದು ಸ್ಟೆಲ್ಲಾ ಟೈರಿನ ಮೇಲೆ ಕೂತಳು.

ಕೆಲಸ ಅವನು ಚೊಕ್ಕಟವಾಗಿಯೇ ಮಾಡಿದ, ಅದರಲ್ಲಿ ಎರಡು ಮಾತಿಲ್ಲ. ಬ್ಯಾಟರಿಯ ತಂತಿ ಬಿಡಿಸಿದ. ಗಾಡಿಯನ್ನು ಜಾಕಿನಿಂದ ಎತ್ತಿ ನಾಲ್ಕೂ ಕಡೆ ಕಬ್ಬಿಣದ ಕುದುರೆಗಳ ಆಸರೆ ಕೊಟ್ಟ. ಟರ್ಬೊದ ಮೇಲಿನ ತಗಡಿನ ಮುಚ್ಚಳ ತೆಗೆದ. ತುಕ್ಕು ಹಿಡಿದ ನಾಲ್ಕು ನಟ್ಟುಗಳಿಗೆ ಎಣ್ಣೆ ಬಿಟ್ಟು ಒಂದು ಗಂಟೆ ಅವುಗಳ ತಂಟೆಗೇ ಹೋಗಲಿಲ್ಲ. ಅವಸರದವರು ಇಲ್ಲಿಯೇ ಪಾನಾ ಹಾಕಿ ಜಗ್ಗಿ ಬೋಲ್ಟಿನ ಕುತ್ತಿಗೆ ಮುರಿಯುತ್ತಾರೆ. ಯೂಸುಫ ಒಂದು ಎಳೆ ಬಿಚ್ಚಿ, ಅರ್ಧ ಎಳೆ ಹಿಂದಕ್ಕೆ ಬಿಗಿದು, ಮತ್ತೆ ಒಂದು ಎಳೆ ಬಿಚ್ಚಿ, ಅಳುವ ಮಗುವಿನ ಕೈಯಿಂದ ಬಳಪ ಬಿಡಿಸಿಕೊಂಡಂತೆ ನಾಲ್ಕನ್ನೂ ಬಿಡಿಸಿಕೊಂಡ. ಹೊಗೆ ಅಳೆಯುವ ಸೆನ್ಸರನ್ನು ವೈರಿಗೆ ಪೆಟ್ಟಾಗದಂತೆ ಕಳಚಿ ಬಟ್ಟೆಯಲ್ಲಿ ಸುತ್ತಿಟ್ಟ. ಹಳೆ ಪೈಪು ಕೆಳಗಿಳಿಯಿತು. ಅದರ ಬೆಸುಗೆಯ ಬುಡದಲ್ಲಿ ಬೆರಳು ಹೋಗುವಷ್ಟು ಸೀಳಿತ್ತು.

ಹೊಸ ಪೈಪಿನ ಪೆಟ್ಟಿಗೆಯಲ್ಲಿ ಒಂದು ಪ್ಯಾಕಿಂಗ್ ಬಂದಿತ್ತು. ಟರ್ಬೊದ ಬಾಯಿಗೂ ಪೈಪಿನ ಬಾಯಿಗೂ ನಡುವೆ ಕೂಡುವ ತೆಳ್ಳನೆಯ ಸ್ಟೀಲಿನ ಬಳೆ. ಯೂಸುಫ ಅದನ್ನು ಬೆಳಕಿಗೆ ಹಿಡಿದು ನೋಡಿ ಮೂಗು ಮುರಿದ. ಹಪ್ಪಳದಷ್ಟು ದಪ್ಪವಿಲ್ಲ, ಇದೇನು ತಡೆದೀತು? ಅದನ್ನು ಮೊಳೆಗೆ ಸಿಕ್ಕಿಸಿ, ಕಪಾಟಿನ ಮೇಲಿನಿಂದ ಒಂದು ಸುರುಳಿ ಇಳಿಸಿದ. ಮಿಲ್ಲಿನಲ್ಲಿ ಉಗಿ ಪೈಪುಗಳಿಗೆ ಹಾಕುತ್ತಿದ್ದ ಕೆಂಪು ಪ್ಯಾಕಿಂಗ್ ಶೀಟು. ಬೀಳ್ಕೊಡುವಾಗ ಬೇರೆಯವರಿಗೆ ಗಡಿಯಾರ ಸಿಕ್ಕಿತ್ತು, ಇವನು ಕೇಳಿ ಈ ಸುರುಳಿ ತಂದಿದ್ದ. ದಾಂಡೇಲಿಯ ಹಳೆ ಮಿಲ್ಲಿನವರನ್ನು ಯಾರನ್ನಾದರೂ ಕೇಳಿ, ಆ ಶೀಟಿನ ಮೇಲೆ ಅವರಿಗೆ ಎಂಥ ನಂಬಿಕೆ ಎಂದು. ಪಂಪು, ಕುಕ್ಕರು, ಮೋಟರ್‌ಸೈಕಲ್ಲು, ಎಲ್ಲದಕ್ಕೂ ಅದನ್ನೇ ಕತ್ತರಿಸಿ ಹಾಕುತ್ತಾರೆ.

ಪೈಪಿನ ಬಾಯಿಯ ಮೇಲೆ ಶೀಟು ಇಟ್ಟು, ಸುತ್ತಿಗೆಯಿಂದ ಅಂಚಿಗೆ ಸಣ್ಣಗೆ ತಟ್ಟುತ್ತ ತಟ್ಟುತ್ತ ಪ್ಯಾಕಿಂಗ್ ಬಿಡಿಸಿದ. ಗೆರೆ ಹೊಡೆದ ಹಾಗೆ ಬಂತು. ಸ್ಟೆಲ್ಲಾ ಎದ್ದು ಬಂದು ಮುಂದೆ ನಿಂತು, "ಡಬ್ಬ್ಯಾಗ ಬಂದಿದ್ದು ಹಾಕೂದಿಲ್ಲೇನ್ರಿ?" ಎಂದಳು.

"ಮೂವತ್ತೊಂದು ವರ್ಷ ಇದು ನನ್ನ ಮಾರಿ ಉಳಿಸೇತಿ ಬೇಟಿ. ಅದು ಬ್ಲೇಡ್ ಐತಿ, ಪ್ಯಾಕಿಂಗ್ ಅಲ್ಲ."

ಎಲ್ಲ ನಟ್ಟುಗಳನ್ನೂ ಮೊದಲು ಬೆರಳಲ್ಲಿ ಕೂಡಿಸಿ, ಪೈಪು ತಾನಾಗಿ ತೂಗಿ ತನ್ನ ಜಾಗ ಹಿಡಿದ ಮೇಲೆ ಎದುರುಬದುರಿನ ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದ. ಸೆನ್ಸರ್ ಕೂಡಿಸಿದ, ಮುಚ್ಚಳ ಹಾಕಿದ, ಬ್ಯಾಟರಿ ಜೋಡಿಸಿದ. ಸ್ಟೆಲ್ಲಾ ಗಾಡಿ ಚಾಲೂ ಮಾಡಿದಳು. ಯೂಸುಫ ಒದ್ದೆ ಅಂಗೈಯನ್ನು ಜೋಡಣೆಯ ಸುತ್ತ ಆಡಿಸಿದ. ಎಲ್ಲಿಯೂ ಗಾಳಿ ಬಡಿಯಲಿಲ್ಲ. ಒಂದು ಮೂಲೆಗೆ, ಟರ್ಬೊದ ಹಿಂಬದಿಗೆ, ಕೈ ಮುಟ್ಟಲಿಲ್ಲ. ಅಲ್ಲಿಗೆ ಯಾರ ಕೈಯೂ ಮುಟ್ಟುವುದಿಲ್ಲ, ಅಲ್ಲಿ ಕಿವಿಯೇ ಬೇಕು.

ಸ್ಟೆಲ್ಲಾ ಕಿಟಕಿಯಿಂದ ಹೊರಗೆ ಬಾಗಿದಳು. "ಚಾಚಾ, ಸಣ್ಣಗ ಟಿಕ್ ಟಿಕ್ ಅಂತೈತಿ. ಕೇಳಸ್ತೇನು?"

ಅವಳ ತುಟಿ ಅವನಿಗೆ ಸ್ಪಷ್ಟವಾಗಿ ಕಂಡಿತು. ಒಂದು ಕ್ಷಣ, ಒಂದೇ ಕ್ಷಣ, ನಿಜ ಹೇಳಿಬಿಡಲೇ ಎನಿಸಿತು. ರಸ್ತೆಯ ಆಚೆ ಕಾಯಿಪಲ್ಯೆಯ ಶಂಕ್ರವ್ವ ಇತ್ತಲೇ ನೋಡುತ್ತಿದ್ದಳು. ಅವಳಿಗೆ ತಿಳಿದರೆ ಸಂಜೆಯೊಳಗೆ ಹಳಿಯಾಳದ ಅಫ್ತಾಬನಿಗೂ ಮುಟ್ಟುತ್ತದೆ.

"ಕೇಳಸ್ತೈತಿ, ನನಗೂ ಕೇಳಸ್ತೈತಿ," ಎಂದ ಯೂಸುಫ. "ಹೊಸಾ ಪೈಪು, ಬಿಸಿ ಆಗಿ ಕುಂದರಬೇಕು. ಆಮ್ಯಾಲ ಏನೂ ಇರೂದಿಲ್ಲ."

ಸ್ಟೆಲ್ಲಾ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಲೆಯಾಡಿಸಿ ಗಾಡಿ ಹೊರಡಿಸಿದಳು.

ಶುಕ್ರವಾರ ನಮಾಜಿನ ದಿನ, ಅಂಗಡಿ ಅರ್ಧ. ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಯೂಸುಫ ಶೆಡ್ಡಿನ ಒಳಗೆ ರಸ್ತೆಗೆ ಬೆನ್ನು ಮಾಡಿ ಕೂತು ಯಾರದೋ ಪಂಪಿಗೆ ಅದೇ ಕೆಂಪು ಶೀಟು ತಟ್ಟುತ್ತಿದ್ದ. ಬಿಸಿಲು ನೇರ ಕನ್ನಡಿಗೆ ಬಿದ್ದು ಅದರಲ್ಲಿ ಬರೀ ಬೆಳಕು. ಮನಸ್ಸು ಹಗುರವಾಗಿತ್ತು. ಮಧ್ಯಾಹ್ನಕ್ಕೆ ಮೀನು ಒಯ್ಯಬೇಕು ಎಂದುಕೊಂಡ.

ಶೀಟಿನ ಮೇಲೆ ನೆರಳು ಬಿತ್ತು. ತಿರುಗಿದರೆ ಸ್ಟೆಲ್ಲಾ.

"ಅರೇ, ಯಾವಾಗ ಬಂದಿ?" ಎಂದ.

ಅವಳು ರಸ್ತೆಯ ಕಡೆ ಕೈ ಮಾಡಿದಳು. ಯೂಸುಫ ಅವಳ ಭುಜದಾಚೆ ನೋಡಿದ. ಶೆಡ್ಡಿನ ಬಾಯಿಗೇ ಗಾಡಿ ನಿಂತಿತ್ತು, ಎಂಜಿನ್ ಇನ್ನೂ ಚಾಲೂ ಇತ್ತು, ಬಾನೆಟ್ ನಡುಗುತ್ತಿತ್ತು. ಚಹದ ಗಾಡಿಯ ಮುಂದಿದ್ದ ನಾಲ್ಕೈದು ಜನ ಕಪ್ಪು ಹಿಡಿದು ಇತ್ತಲೇ ತಿರುಗಿದ್ದರು. ನಾಯಿಯೊಂದು ಕತ್ತು ಎತ್ತಿ ಬೊಗಳುತ್ತಿತ್ತು. ಶಂಕ್ರವ್ವ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಿದ್ದಳು.

ಯೂಸುಫನ ಕೈಯಿಂದ ಸುತ್ತಿಗೆ ಜಾರಿತು. ಅದು ನೆಲಕ್ಕೆ ಬಿದ್ದದ್ದೂ ಅವನಿಗೆ ಕೇಳಲಿಲ್ಲ.

ಸ್ಟೆಲ್ಲಾ ಹೋಗಿ ಎಂಜಿನ್ ಬಂದ್ ಮಾಡಿ ಬಂದಳು. ಮತ್ತೆ ಅವನ ಮುಂದೆಯೇ ನಿಂತಳು, ಮುಖ ಬೆಳಕಿಗೆ ಬರುವಂತೆ. "ಗಣೇಶಗುಡಿ ಏರಿನ್ಯಾಗ ಢಬ್ ಅಂತು ಚಾಚಾ. ಆಮ್ಯಾಲ ದಾರಿ ತುಂಬ ಪಟಾಕ್ಷಿ ಹೊಡದಂಗ. ಅಲ್ಲಿಂದ ಇಲ್ಲಿತನಾ ಜನಾ ಹೊಳ್ಳಿ ಹೊಳ್ಳಿ ನೋಡಿದ್ರು. ನೀವೊಬ್ರ ಹೊಳ್ಳಲಿಲ್ಲ."

ಯೂಸುಫ ಬಗ್ಗಿ ಸುತ್ತಿಗೆ ಎತ್ತಿಕೊಂಡ. ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಅರವತ್ತನಾಲ್ಕು ವರ್ಷದ ಗಂಡಸಿಗೆ ಅಳು ಬಂದರೆ ಎಲ್ಲಿ ಇಡಬೇಕು ಅದನ್ನು?

"ನನಗ ಗೊತ್ತಿತ್ರಿ," ಎಂದಳು ಸ್ಟೆಲ್ಲಾ.

"ಏನು?"

"ನಿಮಗ ಕೇಳಸೂದಿಲ್ಲಂತ. ನಮ್ಮಪ್ಪನೂ ನಿಮ್ಮ ಮಿಲ್ಲಿನ್ಯಾಗ ಇದ್ದ. ಕಟಗಿ ಕೊಚ್ಚೂ ಮಷಿನ್ ಮುಂದ, ಇಪ್ಪತ್ತಾರು ವರ್ಷ. ಇನಾಸ ಅಂತ."

"ಉದ್ದನ ಇನಾಸ?"

"ಹೌದ್ರಿ. ನಮ್ಮನ್ಯಾಗ ಎಲ್ಲಾರೂ ಅಪ್ಪನ ಮುಂದ ಬಂದ ಮಾತಾಡ್ತೇವಿ. ನೀವು ಕನ್ನಡಿ ತೂಗಹಾಕಿದ್ದು ನೋಡಿ ಮೊದಲ ದಿವಸನ ತಿಳಿತು."

"ಗೊತ್ತಿದ್ದೂ ಗಾಡಿ ಯಾಕ ಕೊಟ್ಟಿ?"

"ಕೈ ನಂಬಿ ಕೊಟ್ಟೆ." ಸ್ಟೆಲ್ಲಾಳ ಮುಖ ಈಗ ಬಿಗಿಯಿತು. ಅವಳಿಗೂ ಸಿಟ್ಟಿತ್ತು, ಮುಚ್ಚಿಡಲಿಲ್ಲ. "ಆದ್ರ ಟಿಕ್ ಟಿಕ್ ಅಂತೈತಿ ಅಂದಾಗ ನನಗೂ ಕೇಳಸ್ತೈತಿ ಅಂದ್ರಲ್ಲ, ಅಲ್ಲೆ ನನ್ನ ಕೆಲಸ ಕೆಡಿಸಿದ್ರಿ. ಪೂರಾ ಹೋಗಿಲ್ಲೇನೋ, ತಿಳದವ್ರು, ಕೇಳೇ ಹೇಳ್ತಾರ ಅಂತ ನಂಬಿ ಹೋದೆ. ನನಗ ಕೇಳಸೂದಿಲ್ಲ ಅಂತ ಒಂದ ಮಾತು ಅಂದಿದ್ರ, ನಿಮ್ಮ ಕಿವಿ ಕೆಲಸ ನಾನ ಮಾಡ್ತಿದ್ದೆ. ನಾಳೆ ಬೆಳಿಗ್ಗೆ ಏಳಕ್ಕ ನಿರ್ಮಲಾಬಾಯಿ ನೋಡ್ತಾರ. ಈಗೇನ್ ಮಾಡೂದು, ಹೇಳ್ರಿ."

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತು ಒಳಗೆ ಇಳಿದು ಅಲ್ಲಿಯೇ ಕೂತಿತು. ಯೂಸುಫ ಎದ್ದು ಪಾನಾದ ಪೆಟ್ಟಿಗೆ ಎಳೆದುಕೊಂಡ. "ಗಾಡಿ ಒಳಗ ತಗೊ," ಎಂದ. "ಎರಡ ತಾಸು ಆರಲಿ, ಬಿಚ್ಚೂಣು."

ಬಿಚ್ಚಿದರೆ ಏನಿದೆ, ಪ್ಯಾಕಿಂಗ್ ಇರಬೇಕಾದಲ್ಲಿ ಸುಟ್ಟ ರೊಟ್ಟಿಯಂಥ ಕರಿ ಚಕ್ಕೆ. ಬೆರಳಿನಿಂದ ಮುಟ್ಟಿದರೆ ಪುಡಿಯಾಯಿತು. ಯೂಸುಫ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಮಿಲ್ಲಿನ ಉಗಿ ಎಷ್ಟು ಬಿಸಿಯಾದರೂ ಉಗಿಯೇ. ಏರು ಹತ್ತುವ ಟರ್ಬೊದಿಂದ ಬರುವುದು ಹೊಗೆಯಲ್ಲ, ಬೆಂಕಿ; ಕಬ್ಬಿಣವನ್ನೇ ಕೆಂಪು ಮಾಡುತ್ತದೆ. ಹೊಸಬ ಹುಡುಗನಿಗೂ ಗೊತ್ತಿರುವ ಸಂಗತಿ. ಮೂವತ್ತೊಂದು ವರ್ಷದ ಜಂಬದಲ್ಲಿ ಅವನಿಗೇ ಹೊಳೆದಿರಲಿಲ್ಲ.

"ತಪ್ಪು ನಂದು," ಎಂದ. "ಶೀಟೂ ನಂದು, ಸುಳ್ಳೂ ನಂದು."

ಸ್ಟೀಲಿನ ಬಳೆ ಮೊಳೆಯಲ್ಲೇ ಇತ್ತು. ಮಿಲ್ಲಿನವರು ಏನನ್ನೂ ಬಿಸಾಡುವುದಿಲ್ಲ, ಸದ್ಯ. ಎರಡೂ ಬಾಯಿಗಳಿಗೆ ಅಂಟಿದ ಮಸಿಯನ್ನು ಬ್ಲೇಡಿನಿಂದ ಹೆರೆದು, ಕನ್ನಡಿಯಂತೆ ಉಜ್ಜಿ, ಬಳೆ ಕೂಡಿಸಿ, ನಟ್ಟುಗಳಿಗೆ ತಾಮ್ರದ ಗ್ರೀಸು ಸವರಿ ಬಿಗಿದ. ಎಂಜಿನ್ ಚಾಲೂ ಆಯಿತು. ಈ ಸಲ ಅವನು ಗಾಡಿಯ ಕೆಳಗೆ ಮಲಗಿ ಪಾನಾ ಹಿಡಿದ. ಸ್ಟೆಲ್ಲಾ ಬಾನೆಟ್ಟಿನ ಮೇಲೆ ಬಾಗಿ ಕಿವಿ ಕೊಟ್ಟಳು. ನಡುವಿನ ಸಂದಿನಲ್ಲಿ ಅವಳ ಕೈ ಮಾತ್ರ ಅವನಿಗೆ ಕಾಣುತ್ತಿತ್ತು.

ಆ ಕೈ ಕಿರುಬೆರಳು ಎತ್ತಿ ಕುಣಿಸಿತು.

ಕಿರುಬೆರಳು ಕುಣಿದರೆ ಸೋರಿಕೆ. ಮಷಿನ್‌ಹೌಸಿನ ಸನ್ನೆ! ಇನಾಸ ಅದನ್ನು ಮನೆಗೆ ಒಯ್ದು ಮಕ್ಕಳಿಗೆ ಕಲಿಸಿದ್ದ. ಯೂಸುಫ ಹಿಂಬದಿಯ ನಟ್ಟನ್ನು ಕಾಲು ಸುತ್ತು ಬಿಗಿದ. ಕಿರುಬೆರಳು ಇನ್ನೂ ಕುಣಿಯಿತು, ಆದರೆ ಸಣ್ಣಗೆ. ಎದುರಿನ ನಟ್ಟಿಗೆ ಇನ್ನೊಂದು ಎಳೆ. ಬೆರಳು ಮಡಚಿಕೊಂಡಿತು. ಆಮೇಲೆ ಅಂಗೈ ಚಪ್ಪಟೆಯಾಗಿ, ಮಲಗಿದ ಎಮ್ಮೆಯ ಬೆನ್ನು ಸವರಿದ ಹಾಗೆ ಗಾಳಿಯನ್ನು ನಿಧಾನ ಸವರಿತು. ಎಲ್ಲ ತಣ್ಣಗೆ, ಸೋರಿಕೆಯಿಲ್ಲ. ಯೂಸುಫ ಕೆಳಗೆ ಮಲಗಿದಲ್ಲೇ ಕಣ್ಣೊರೆಸಿಕೊಂಡ. ಮುಖಕ್ಕೆಲ್ಲ ಗ್ರೀಸಾಯಿತು.

"ನಾಳೆ ನಾನೂ ಬರ್ತೇನಿ," ಎಂದ ಹೊರಗೆ ಬಂದು. "ಏರು ಹತ್ತಿದ ಮ್ಯಾಲ ಒಮ್ಮಿ ಬಿಸಿ ಬಿಗಿ ಕೊಡಬೇಕು. ಆಗ ಪಕ್ಕಾ."

"ಬರ್ರಿ," ಎಂದಳು ಸ್ಟೆಲ್ಲಾ. ಸಿಟ್ಟು ಇಳಿದಿತ್ತು. "ಮನ್ಯಾಗರೆ ಹೇಳೀರೇನು ಚಾಚಾ, ಕಿವಿದು?"

"ಮನ್ಯಾಗ ಏನ್ ಹೇಳೂದೈತಿ? ಅಕಿ ಮಾತಾಡೂದನ್ನ ಕಡಿಮಿ ಮಾಡ್ಯಾಳ."

ಸ್ಟೆಲ್ಲಾ ಅವನನ್ನು ನೋಡಿದಳು. "ಹೇಳ್ರಿ," ಎಂದಷ್ಟೇ ಅಂದಳು.

ಭಾನುವಾರ ಬೆಳಿಗ್ಗೆ ಮಂಜಿನಲ್ಲಿ ಹೊರಟರು. ಗಣೇಶಗುಡಿ ಸಮೀಪಿಸಿದ ಮೇಲೆ ಬದಿಗೆ ನಿಲ್ಲಿಸಿ ಯೂಸುಫ ದಪ್ಪ ಕೈಗವಸು ಹಾಕಿಕೊಂಡು ಬಿಸಿ ನಟ್ಟುಗಳಿಗೆ ಕೊನೆಯ ಬಿಗಿ ಕೊಟ್ಟ. ನಿರ್ಮಲಾಬಾಯಿ ಹೋಂಸ್ಟೇಯ ಹಿಂದಿನ ದೊಡ್ಡ ಅತ್ತಿಮರದ ಹತ್ತಿರ ಶಾಲು ಹೊದ್ದು ಕಾಯುತ್ತಿದ್ದರು. ಮರದ ನೆತ್ತಿಯಲ್ಲಿ ಹಳದಿ ಕೊಕ್ಕಿನ ಮೂರು ಮಂಗಟ್ಟೆಗಳು ಹಣ್ಣು ಕೀಳುತ್ತಿದ್ದವು. ಅವರು ಸ್ಟೆಲ್ಲಾಳಿಗೆ ಮರ ತೋರಿಸಿ ಏನೋ ಹೇಳಿದರು. ಸ್ಟೆಲ್ಲಾ ಯೂಸುಫನ ಕಡೆ ತಿರುಗಿ ತುಟಿ ಬಿಡಿಸಿ ಹೇಳಿದಳು: "ಗಾಡಿ ಮರದ ಬುಡಕ್ಕ ಒಯ್ಯಬೇಕಂತ. ತಾವೇನೂ ಹೇಳೂದಿಲ್ಲಂತ, ಅವು ಹೇಳ್ತಾವಂತ."

ಗಾಡಿ ನಿಧಾನ ಮುಂದೆ ಸರಿಯಿತು. ಮರದ ಕೆಳಗೆ ನಿಂತಿತು. ಎಂಜಿನ್ ಬಂದ್ ಆಯಿತು, ಮತ್ತೆ ಚಾಲೂ ಆಯಿತು, ಹಿಂದಕ್ಕೆ ಬಂತು, ಮತ್ತೆ ಮುಂದೆ ಹೋಯಿತು. ಯೂಸುಫ ಗಾಡಿ ನೋಡಲೇ ಇಲ್ಲ. ತಲೆ ಎತ್ತಿ, ಉಸಿರು ಬಿಗಿಹಿಡಿದು, ಮಂಗಟ್ಟೆಗಳನ್ನೇ ನೋಡುತ್ತಿದ್ದ. ಒಂದು ಹಕ್ಕಿ ಕತ್ತು ಓರೆ ಮಾಡಿ ಕೆಳಗೆ ನೋಡಿತು. ಹಾರುತ್ತದೆ ಎಂದುಕೊಂಡ. ಅದು ಕೊಕ್ಕಿನಲ್ಲಿದ್ದ ಹಣ್ಣನ್ನು ಮೇಲಕ್ಕೆ ಎಸೆದು, ಬಾಯಿಗೆ ಹಾಕಿಕೊಂಡು, ಇನ್ನೊಂದಕ್ಕೆ ಕೊಕ್ಕು ಚಾಚಿತು. ಎರಡು ವರ್ಷದಲ್ಲಿ ಮೊದಲ ಸಲ ಯೂಸುಫನಿಗೆ ಒಂದು ಗಾಡಿಯ ಸದ್ದಿನ ಬಗ್ಗೆ ಯಾವ ಅನುಮಾನವೂ ಉಳಿಯಲಿಲ್ಲ.

ಅಷ್ಟರಲ್ಲಿ ಸ್ಟೆಲ್ಲಾ ಕಿಟಕಿಯಿಂದ ಅವನ ಹಿಂದುಗಡೆಗೆ ಬೆರಳು ಮಾಡಿದಳು. ತಿರುಗಿದರೆ ನಿರ್ಮಲಾಬಾಯಿ ನಿಂತಿದ್ದರು, ಏನೋ ಕೇಳಿ ಉತ್ತರಕ್ಕೆ ಕಾಯುತ್ತಿದ್ದ ಮುಖ. ಎಂದಿನ ಉಪಾಯಗಳೆಲ್ಲ ನಾಲಿಗೆಯ ತುದಿಗೆ ಬಂದವು. ಹೂಂ ಎನ್ನಬಹುದು, ಸುಮ್ಮನೆ ನಗಬಹುದು.

"ನನಗ ಕಿವಿ ಕೇಳಸೂದಿಲ್ರಿ," ಎಂದ ಯೂಸುಫ. "ಮುಂದ ನಿಂತ ಹೇಳ್ರಿ."

ಆಕಾಶ ಕಳಚಿ ಬೀಳಲಿಲ್ಲ. ನಿರ್ಮಲಾಬಾಯಿ ಒಂದು ಹೆಜ್ಜೆ ಮುಂದೆ ಬಂದು, "ಚಹಾ ಕುಡೀತೀರೇನ್ರಿ?" ಎಂದರು.

ಚಹಾ ಕುಡಿದು, ಸೀಜನ್ನಿನ ಮಾತು ಪಕ್ಕಾ ಮಾಡಿಕೊಂಡು, ಹನ್ನೊಂದಕ್ಕೆ ಸ್ಟೆಲ್ಲಾ ಅವನನ್ನು ಮನೆಗೆ ತಂದು ಬಿಟ್ಟಳು. ಖೈರುನ್ನಿಸಾ ಅಡಿಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಂತು ಸಾರು ತಿರುಗಿಸುತ್ತಿದ್ದಳು. ಮನೆಯಲ್ಲಿ ಅವರು ಆಡುವುದು ಉರ್ದು. ಓದುವವರಿಗೆ ತೊಡಕಾಗದಿರಲೆಂದು ನಾನಿಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಯೂಸುಫ ಹೊಸ್ತಿಲಲ್ಲಿ ನಿಂತ. ಬೆಳಿಗ್ಗೆ ಒಮ್ಮೆ ಆಡಿದ ಮಾತು, ಎರಡನೇ ಸಲ ಹಗುರವಾಗಿಯೇ ಬಂತು.

"ಖೈರೂ, ನನಗ ಕಿವಿ ಕೇಳಸೂದಿಲ್ಲ. ಭಾಳ ದಿವಸ ಆತು."

ಅವಳ ಕೈ ನಿಂತಿತು. ಹಾಗೇ ಬೆನ್ನು ಮಾಡಿ ನಿಂತಲ್ಲೇ ಏನೋ ಅಂದಿರಬೇಕು. ತಲೆಯ ಮೇಲಿನ ಸೆರಗು ಅಲುಗಿತು.

"ನೀ ಈಗ ಏನೋ ಅಂದಿ. ನನಗ ತಿಳೀಲಿಲ್ಲ. ಈ ಕಡೆ ಹೊಳ್ಳಿ ಹೇಳು."

ಖೈರುನ್ನಿಸಾ ತಿರುಗಿದಳು. ಅವಳ ಮುಖ ಬಿಳಿಚಿತ್ತು. "ಯಾವಾಗಿಂದ?"

"ಮೆಹರೀನಳ ಮದುವಿ ಹಿಂದ ಮುಂದ."

"ಅಂದ್ರ ಸಿಟ್ಟಲ್ಲೇನು?"

"ಯಾವ ಸಿಟ್ಟು?"

"ನೀವು ನನ್ನ ಮ್ಯಾಲ ಸಿಟ್ಟಾಗಿ ಮಾತು ಬಿಟ್ಟೀರಿ ಅಂತ ತಿಳಕೊಂಡಿದ್ದೆ." ಅವಳ ತುಟಿ ನಡುಗುತ್ತಿತ್ತು, ಓದಲು ಕಷ್ಟವಾಯಿತು. ಯೂಸುಫ ಇನ್ನೂ ಹತ್ತಿರ ಹೋದ. "ಮದುವಿ ಜಗಳದಾಗ ನಾ ಆಡಬಾರದ ಮಾತು ಆಡಿದ್ದೆ. ನಿಮ್ಮವ್ವನ ಹೆಸರು ತಗದಿದ್ದೆ. ನೀವು ಸುಮ್ಮನ ಎದ್ದು ಹೊರಗ ಹೋದ್ರಿ."

ಯೂಸುಫ ನೆನಪಿಸಿಕೊಳ್ಳಲು ನೋಡಿದ. ನೆನಪಿಗೆ ಏನೂ ಬರಲಿಲ್ಲ, ಬರುವುದಾದರೂ ಹೇಗೆ? ಆ ಮಾತು ಅವನ ಕಿವಿಗೆ ಬಿದ್ದಿರಲೇ ಇಲ್ಲ.

"ಆಮ್ಯಾಲ ಎಷ್ಟ ಸಲ ಮಾಫಿ ಕೇಳೇನಿ," ಎಂದಳು ಖೈರುನ್ನಿಸಾ. ಈಗ ಕಣ್ಣೀರು ಧಾರಾಕಾರ ಇಳಿಯುತ್ತಿತ್ತು. "ಎದರಿಗೆ ಬಂದ ಕೇಳಾಕ ಧೈರ್ಯ ಇರಲಿಲ್ಲ. ಇಲ್ಲೇ ಒಲಿ ಮುಂದ ನಿಂತು, ಹಿಂಗ ಬೆನ್ನ ಮಾಡಿ ಕೇಳ್ತಿದ್ದೆ. ನೀವು ಅಲ್ಲೆ ಕುಂತು ಉಣ್ಣತಿದ್ರಿ. ಹೂಂ ಅಂತ ಸುದ್ದಾ ಅನ್ನತಿರಲಿಲ್ಲ. ಎರಡ ವರ್ಷ. ಕಡೀಕೆ ನಾನೂ ಮಾತು ಬಿಟ್ಟೆ."

ಯೂಸುಫ ತಿರುಗಿ ತನ್ನ ಊಟದ ಮಣೆ ನೋಡಿದ. ಊರಿನ ಬಾಯಿಗೆ ಹೆದರಿ, ಶಟರಿಗೆ ಹೆದರಿ ಮುಚ್ಚಿಟ್ಟದ್ದು ಇಲ್ಲಿ, ತಾನು ದಿನಾ ಉಣ್ಣುವಲ್ಲಿ, ಹೀಗೆ ಸೋರುತ್ತಿತ್ತು. ಅವಳು ಅಳುತ್ತ ನಿಂತಿದ್ದಾಗ ತಾನು ರೊಟ್ಟಿ ಮುರಿದುಕೊಂಡು, ಎಂಥ ಶಾಂತಿ ಎಂದು ದೇವರಿಗೆ ಶುಕ್ರ್ ಹೇಳಿದ್ದ. ಅವನು ಅತ್ತ. ಮಗಳ ಮದುವೆಯಲ್ಲಿಯೂ ಹೀಗೆ ಅತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ತಾನು ಉಣ್ಣಲು ಕೂಡುವ ಮಣೆಯನ್ನು ಅದರ ಜಾಗದಿಂದ ಎತ್ತಿ, ಒಲೆಯ ಬದಿಗೆ, ಅವಳ ಮುಖ ಕಾಣುವಲ್ಲಿ ತಂದಿಟ್ಟು ಕೂತ.

"ಎಲ್ಲಾ ಹೇಳು," ಎಂದ. "ಮೊದಲಿಂದ."

"ಎರಡ ವರ್ಷದ್ದು ಎಲ್ಲಿ ನೆನಪಿರ್ತೈತ್ರಿ?"

"ನೆನಪಿದ್ದಷ್ಟ ಹೇಳು. ಮೊದಲ ನಮ್ಮವ್ವಗ ಏನಂದಿ, ಅದನ್ನ ಹೇಳು. ಸಿಟ್ಟಾದ್ರೂ ಮಾಡ್ತೇನಿ."

ಅಳುತ್ತಿದ್ದವಳಿಗೆ ನಗು ಬಂತು. ಖೈರುನ್ನಿಸಾ ಒಲೆ ಸಣ್ಣ ಮಾಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಅವನ ಎದುರಿಗೆ ನೆಲದ ಮೇಲೆ ಕೂತಳು, ಮತ್ತು ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿಟ್ಟು ಹೇಳತೊಡಗಿದಳು.